ಈಜಿನ ಬ್ಯಾಚಿಗೆ ಮಗುವನ್ನು ಸೇರಿಸುವ ಮುನ್ನ: ಶುಲ್ಕದ ಆಚೆಗಿನ ಲೆಕ್ಕ

ಮೇ ತಿಂಗಳ ಕೊನೆಯ ವಾರ, 21 ದಿನಗಳ ಬೇಸಿಗೆ ಶಿಬಿರ ಮುಗಿಯುವ ಹೊತ್ತಿಗೆ, ಬೆಂಗಳೂರಿನ ಈಜುಕೊಳಗಳ ದಂಡೆಯ ಮೇಲೆ ಒಂದು ಮಾತುಕತೆ ಪ್ರತಿ ವರ್ಷ ನಡೆಯುತ್ತದೆ. ಕೋಚ್ ತಾಯಿಯನ್ನೋ ತಂದೆಯನ್ನೋ ಪಕ್ಕಕ್ಕೆ ಕರೆದು, "ನಿಮ್ಮ ಮಗಳಿಗೆ ನೀರು ಒಗ್ಗಿದೆ ಮೇಡಂ, ಕಾಂಪಿಟೇಟಿವ್ ಬ್ಯಾಚ್‌ಗೆ ಹಾಕಿ ನೋಡಿ" ಎನ್ನುತ್ತಾರೆ. ನಮಗೆ ಈ ಮಾತು ಸಿಕ್ಕಾಗ ಮಗಳಿಗೆ 8 ವರ್ಷ. ಹಿಗ್ಗಿನಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟಾಗುತ್ತದೆ? ಅವಳು ಹತ್ತನೇ ತರಗತಿಗೆ ಬಂದು ಸ್ಪರ್ಧೆ ನಿಲ್ಲಿಸುವವರೆಗಿನ ಏಳು ವರ್ಷಗಳನ್ನು ಹಿಂದಿರುಗಿ ನೋಡಿದರೆ, ಕೇಳಬೇಕಾಗಿದ್ದ ಪ್ರಶ್ನೆಗಳಲ್ಲಿ ಅದು ತೀರ ಚಿಕ್ಕದಾಗಿತ್ತು ಎಂದು ತೋರುತ್ತದೆ. ಈಗ ಅದೇ ದಂಡೆಯ ಮೇಲೆ ನಿಂತಿರುವ ಪೋಷಕರಿಗೆ ಅನುಕೂಲವಾಗಲಿ ಎಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ಬೆಂಗಳೂರಿನಲ್ಲಿ ಈ ಆಸೆ ಹುಟ್ಟುವುದಕ್ಕೆ ಗಟ್ಟಿಯಾದ ಕಾರಣವಿದೆ. ಬಸವನಗುಡಿ ಅಕ್ವಾಟಿಕ್ ಸೆಂಟರ್ ಮತ್ತು ಡಾಲ್ಫಿನ್ ಅಕ್ವಾಟಿಕ್ಸ್ ಎಂಬ ಎರಡು ಕೇಂದ್ರಗಳೇ ದೇಶದ ಈಜಿನ ದೊಡ್ಡ ಪಾಲನ್ನು ಹೊತ್ತಿವೆ. ಅಲ್ಲಿ ತರಬೇತಿ ಕೊಟ್ಟ ನಿಹಾರ್ ಅಮೀನ್ ಮತ್ತು ಎಸ್. ಪ್ರದೀಪ್ ಕುಮಾರ್ ಇಬ್ಬರೂ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲ್ಲೆಟ್ ಅವರಿಂದ ಹಿಡಿದು ಶಿಖಾ ಟಂಡನ್, ರೆಹಾನ್ ಪೂಂಚಾ, ಗಗನ್ ಉಳ್ಳಾಲ್‌ಮಠ ಅವರವರೆಗೆ ಈ ಊರಿನ ಹೆಸರುಗಳು ಸಾಲುಗಟ್ಟಿವೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ನೀರಿಗಿಳಿದ ಇಬ್ಬರೂ, ಅಂದರೆ ಶ್ರೀಹರಿ ನಟರಾಜ್ ಮತ್ತು ಆಗ 14 ವರ್ಷದವರಾಗಿದ್ದ ಧಿನಿಧಿ ದೇಸಿಂಗು, ಕರ್ನಾಟಕದವರೇ. ನಮ್ಮ ಮಕ್ಕಳು ಇಂಥವರ ಪಕ್ಕದ ಲೇನಿನಲ್ಲಿ ಅಭ್ಯಾಸ ಮಾಡುವ ಸಂದರ್ಭ ಈ ಊರಿನಲ್ಲಿ ನಿಜವಾಗಿಯೂ ಒದಗುತ್ತದೆ, ಮತ್ತು ಅದು ಸಣ್ಣ ಭಾಗ್ಯವಲ್ಲ.

ಆದರೆ ಆ ಸಾಲಿನ ಇನ್ನೊಂದು ಸತ್ಯವನ್ನೂ ಹೇಳಬೇಕು. ಒಲಿಂಪಿಕ್ಸ್ ಈಜಿನಲ್ಲಿ ಭಾರತಕ್ಕೆ ಇದುವರೆಗೆ ಒಂದು ಪದಕವೂ ಬಂದಿಲ್ಲ. ಶ್ರೀಹರಿ 2021ರಲ್ಲಿ ರೋಮ್ ನಗರದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೋ ಒಲಿಂಪಿಕ್ಸಿಗೆ ನೇರ ಅರ್ಹತೆ ಗಳಿಸಿದರು. ಬೇಕಿದ್ದ ಸಮಯ 53.85. ಎಳವೆಯಿಂದ ನೀರಿನಲ್ಲಿ ಕಳೆದ ಅಷ್ಟೂ ವರ್ಷಗಳು ಕಡೆಗೆ 0.08 ಸೆಕೆಂಡಿನ ಅಂತರಕ್ಕೆ ಬಂದು ನಿಂತವು. ಅಷ್ಟಾಗಿಯೂ ಟೋಕಿಯೋದಲ್ಲಿ ಅವರು ಹೀಟ್ಸ್, ಅಂದರೆ ಮೊದಲ ಸುತ್ತು, ದಾಟಲಿಲ್ಲ. ಅವರ ಸಾಧನೆಯನ್ನು ಕುಗ್ಗಿಸಲು ಇದನ್ನು ಹೇಳುತ್ತಿಲ್ಲ, ಆ ಎತ್ತರ ಎಷ್ಟೆಂದು ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಎಂಟು ವರ್ಷದ ಮಗುವಿನ ಬ್ಯಾಚಿನ ಶುಲ್ಕವನ್ನು ಒಲಿಂಪಿಕ್ಸಿನ ಕನಸಿನ ಕಂತು ಎಂದು ಕಟ್ಟತೊಡಗಿದರೆ, ಮುಂದಿನ ಎಲ್ಲ ನಿರ್ಧಾರಗಳ ಅಳತೆಗೋಲು ಮೊದಲ ದಿನವೇ ತಪ್ಪಿಹೋಗುತ್ತದೆ.

ಈಗ ಹಣದ ವಿಷಯಕ್ಕೆ ಬರೋಣ. ಶುಲ್ಕ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾದುದರಿಂದ ಲೆಕ್ಕದ ಅನುಕೂಲಕ್ಕೆ ತಿಂಗಳಿಗೆ 6,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 72,000 ಆಗುತ್ತದೆ. ಮನೆಯಿಂದ ಕೊಳ 10 ಕಿಲೋಮೀಟರ್ ದೂರದಲ್ಲಿದೆ, ಮಗುವಿಗೆ ವಾರಕ್ಕೆ 8 ಸೆಷನ್ ಅಭ್ಯಾಸವಿದೆ, ಅಂದರೆ ಆರು ಬೆಳಗು ಮತ್ತು ಎರಡು ಸಂಜೆ ಎಂದುಕೊಳ್ಳೋಣ. ಪರೀಕ್ಷೆ, ಜ್ವರ, ಹಬ್ಬ ಎಂದು ನಾಲ್ಕು ವಾರ ಕಳೆದರೆ ವರ್ಷಕ್ಕೆ 384 ಸೆಷನ್. ಹೋಗಿಬರಲು 20 ಕಿಲೋಮೀಟರಿನಂತೆ 7,680 ಕಿಲೋಮೀಟರ್. ನಗರದ ಸಂಚಾರದಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಾದರೆ 640 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 64,000 ರೂಪಾಯಿ. ಕ್ಲಬ್ಬಿಗೆ ಕೊಡುವಷ್ಟನ್ನೇ ಹೆಚ್ಚುಕಡಿಮೆ ಪೆಟ್ರೋಲ್ ಬಂಕಿಗೂ ಕೊಡುತ್ತಿರುತ್ತೇವೆ, ಆದರೆ ಆ ಹಣ ಈಜಿನ ಖಾತೆಯಲ್ಲಿ ಕಾಣಿಸುವುದೇ ಇಲ್ಲ. ಮಗುವನ್ನು ಬಿಟ್ಟು ಮನೆಗೆ ಮರಳಿ, ಮತ್ತೆ ಕರೆತರಲು ಹೋಗುವವರ ಲೆಕ್ಕ ಇದರ ಎರಡರಷ್ಟು. ಸ್ಕೂಟರಿನಲ್ಲಿ ಹೋಗುವವರಿಗೆ ಇದು 20,000ದೊಳಗೆ ಮುಗಿಯುತ್ತದೆ, ಡಿಸೆಂಬರಿನ ಬೆಳಗಿನ ಜಾವ ಒದ್ದೆ ತಲೆಯ ಮಗುವನ್ನು ಹಿಂದೆ ಕೂರಿಸಿಕೊಂಡು ಬರುವ ಕಷ್ಟ ಬೇರೆ.

ಈ ಕಾರಣಕ್ಕಾಗಿ ಕ್ಲಬ್ ಆರಿಸುವಾಗ ಹೆಸರಿಗಿಂತ ಮೊದಲು ದೂರವನ್ನು ನೋಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. ಹತ್ತು ಹನ್ನೊಂದರ ವಯಸ್ಸಿನವರೆಗೆ, ಸ್ಟ್ರೋಕ್, ಅಂದರೆ ಕೈಕಾಲು ಬೀಸಿ ಈಜುವ ರೀತಿ, ತಿದ್ದುವ ತಾಳ್ಮೆಯುಳ್ಳ ಕೋಚ್ ಮನೆಯಿಂದ 3 ಕಿಲೋಮೀಟರಿನಲ್ಲಿ ಸಿಕ್ಕರೆ, 15 ಕಿಲೋಮೀಟರ್ ಆಚೆಯ ಪ್ರಸಿದ್ಧ ಕೇಂದ್ರಕ್ಕೆ ಹೋಗುವ ಅಗತ್ಯವಿಲ್ಲ. ಆ ವಯಸ್ಸಿಗೆ 25 ಮೀಟರ್ ಕೊಳವೇ ಧಾರಾಳವಾಯಿತು. 50 ಮೀಟರಿನ ಕೊಳ ಬೇಕಾಗುವ ಕಾಲ ಆಮೇಲೆ ಬರುತ್ತದೆ.

ಹಣಕ್ಕಿಂತ ಭಾರವಾದದ್ದು ಹೊತ್ತು. ಎರಡು ಗಂಟೆ ನೀರಿನಲ್ಲಿ, ಬಟ್ಟೆ ಬದಲಿಸಲು ಕಾಲು ಗಂಟೆ, ಹೋಗಿಬರಲು ಒಂದೂಕಾಲು ಗಂಟೆ ಎಂದರೆ ಸೆಷನ್ ಒಂದಕ್ಕೆ ಮೂರೂವರೆ ಗಂಟೆ. ವಾರಕ್ಕೆ 28 ಗಂಟೆ. 48 ಗಂಟೆಗಳ ಪೂರ್ಣಾವಧಿ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಈ ದುಡಿಮೆಯನ್ನು ಮನೆಯ ಒಬ್ಬರು ಸಂಬಳವಿಲ್ಲದೆ ಮಾಡುತ್ತಾರೆ, ಮತ್ತು ನಾನು ಕಂಡ ಬಹುತೇಕ ಮನೆಗಳಲ್ಲಿ ಆ ಒಬ್ಬರು ತಾಯಿ. ಬೆಳಗಿನ ನಾಲ್ಕೂಮುಕ್ಕಾಲಕ್ಕೆ ಎದ್ದು, ಡಬ್ಬಿ ಕಟ್ಟಿ, ಕೊಳದ ಗ್ಯಾಲರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕಚೇರಿಯ ಮೇಲ್ ನೋಡುವವರನ್ನು, ಬಡ್ತಿ ಬೇಡವೆಂದವರನ್ನು, ಕೆಲಸವನ್ನೇ ಬಿಟ್ಟವರನ್ನು ಆ ಗ್ಯಾಲರಿಯಲ್ಲಿ ಏಳು ವರ್ಷ ನೋಡಿದ್ದೇನೆ. ಅವರಲ್ಲಿ ಯಾರೂ ಅದನ್ನು ತ್ಯಾಗ ಎಂದು ಕರೆದುಕೊಳ್ಳಲಿಲ್ಲ. ಆದರೂ ವರ್ಷಕ್ಕೆ 1,300ಕ್ಕೂ ಮೀರುವ ಆ ಗಂಟೆಗಳನ್ನು ಶೂನ್ಯವೆಂದು ಬರೆದಿಟ್ಟು ಮಾಡಿದ ಲೆಕ್ಕ ಪ್ರಾಮಾಣಿಕವಾಗಲಾರದು. ಮನೆಯಲ್ಲಿ ಎರಡನೇ ಮಗುವಿದ್ದರೆ ಅದರ ಸಂಜೆಗಳೂ ಗ್ಯಾಲರಿಯ ಬೆಂಚಿನ ಮೇಲೆಯೇ ಕಳೆಯುತ್ತವೆ. ನನ್ನ ಮಗ ಒಂದನೇ ತರಗತಿಯ ಕಾಗುಣಿತವನ್ನು ಕ್ಲೋರಿನ್ ವಾಸನೆಯ ನಡುವೆ ಕಲಿತ. ಇದನ್ನು ನೆನೆದಾಗ ಇಂದಿಗೂ ಮನಸ್ಸು ಅಳುಕುತ್ತದೆ.

ಸ್ಪರ್ಧೆಯ ದಿನಗಳು ಇದರ ಮೇಲೆ ಬರುತ್ತವೆ. ಬೆಳಿಗ್ಗೆ ಹೀಟ್ಸ್, ಸಂಜೆ ಫೈನಲ್; ಮಗು ನೀರಿನಲ್ಲಿರುವುದು ಒಟ್ಟು ಎರಡು ಮೂರು ನಿಮಿಷ, ಕಾಯುವುದು ಹತ್ತು ಗಂಟೆ. ರಾಜ್ಯಮಟ್ಟದ ಕೂಟಗಳು ಬಹುಪಾಲು ಬೆಂಗಳೂರಿನಲ್ಲೇ ನಡೆಯುವುದರಿಂದ ಇಲ್ಲಿನವರಿಗೆ ಒಂದು ಅನುಕೂಲವಿದೆ. ಬೆಳಗಾವಿ, ಮಂಗಳೂರು, ಪುತ್ತೂರು, ದಾವಣಗೆರೆಗಳ ಮಕ್ಕಳಿಗೆ ಪ್ರತಿ ಕೂಟವೂ ರಾತ್ರಿ ಪ್ರಯಾಣ, ಲಾಡ್ಜ್ ಬಾಡಿಗೆ, ಮೂರು ನಾಲ್ಕು ದಿನದ ಶಾಲೆ ತಪ್ಪುವಿಕೆ ಎಂದೇ ಅರ್ಥ. ಮಂಗಳೂರಿನ ಎಮ್ಮೆಕೆರೆಯಲ್ಲಿ ಅಂತರರಾಷ್ಟ್ರೀಯ ಗುಣಮಟ್ಟದ ಕೊಳ ಬಂದಿರುವುದು ಈ ಅಸಮತೆಯನ್ನು ಸ್ವಲ್ಪವಾದರೂ ತಗ್ಗಿಸಬೇಕು. ಉಪಕರಣಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಗಾಗಲ್ಸ್, ಕ್ಯಾಪ್, ಕಿಕ್‌ಬೋರ್ಡ್, ಪುಲ್‌ಬಾಯ್, ಫಿನ್ಸ್, ಪ್ಯಾಡಲ್ ಎಲ್ಲವೂ ಒಮ್ಮೆ ಕೊಂಡರೆ ಬಾಳಿಕೆ ಬರುತ್ತವೆ. ವೇಗಕ್ಕೆಂದೇ ಮೈಗೆ ಬಿಗಿಯಾಗಿ ಹೊಲಿದ, ಹತ್ತಾರು ಸಾವಿರ ರೂಪಾಯಿಯ ಟೆಕ್ ಸೂಟ್ ಎಂಬ ಸ್ಪರ್ಧಾ ಉಡುಪಿನ ಬಗ್ಗೆ ಮಾತ್ರ ಎಚ್ಚರ ಬೇಕು. ಈಜಿನಲ್ಲಿ ಜಗತ್ತಿನಲ್ಲೇ ಮುಂದಿರುವ ಅಮೆರಿಕದಲ್ಲಿ, ಅಲ್ಲಿನ ಈಜು ಸಂಸ್ಥೆಯು 2020ರ ಸೆಪ್ಟೆಂಬರಿನಿಂದ 12 ಮತ್ತು ಅದಕ್ಕಿಂತ ಚಿಕ್ಕ ವಯಸ್ಸಿನ ಮಕ್ಕಳು ತನ್ನ ಸ್ಪರ್ಧೆಗಳಲ್ಲಿ ಟೆಕ್ ಸೂಟ್ ತೊಡುವುದನ್ನೇ ನಿರ್ಬಂಧಿಸಿತು. ಅಲ್ಲಿನ ಮಕ್ಕಳಿಗೇ ಬೇಡವಾದದ್ದು ನಮ್ಮ ಹತ್ತು ವರ್ಷದ ಮಗುವಿಗೆ ಬೇಕಿಲ್ಲ, ಪಕ್ಕದ ಲೇನಿನ ಮಗು ತೊಟ್ಟಿದ್ದರೂ ಸರಿ.

ಕ್ಲಬ್ಬುಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು, ಏಕೆಂದರೆ ಶುಲ್ಕವೆಲ್ಲ ಲಾಭಕ್ಕೆ ಹೋಗುತ್ತದೆಂಬ ಸಿಟ್ಟು ಪೋಷಕರಲ್ಲಿ ಸಾಮಾನ್ಯ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳವೊಂದು 25 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದನ್ನು ದಿನವೂ ಸೋಸಬೇಕು, ಕ್ಲೋರಿನ್ ಮಟ್ಟ ಕಾಯಬೇಕು, ಆವಿಯಾದದ್ದನ್ನು ತುಂಬಬೇಕು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಚಳಿಗಾಲದ ಬೆಂಗಳೂರಿನಲ್ಲಿ ತೆರೆದ ಕೊಳವನ್ನು ಆ ಮಟ್ಟದಲ್ಲಿಡಲು ತಗಲುವ ವಿದ್ಯುತ್ ಅಷ್ಟಿಷ್ಟಲ್ಲ. 2024ರ ಮಾರ್ಚಿನಲ್ಲಿ ನೀರಿನ ಅಭಾವ ಉಲ್ಬಣಿಸಿದಾಗ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. ಜನ ಕೊಡಕ್ಕಾಗಿ ಸಾಲು ನಿಂತಿದ್ದಾಗ ಅದು ಸರಿಯಾದ ಆದೇಶವೇ ಆಗಿತ್ತು. ಮಗುವಿನ ಅಭ್ಯಾಸವು ಊರಿನ ಅಂತರ್ಜಲಕ್ಕೂ ಕಟ್ಟಿಕೊಂಡಿದೆ ಎಂಬ ಅರಿವು ನಮಗೆಲ್ಲ ಆ ಬೇಸಿಗೆಯಲ್ಲಿ ಬಂತು.

ಇನ್ನು ಮಗುವಿನ ಮೈ. ಹನ್ನೊಂದು ವರ್ಷದ ಮಗು 50 ಮೀಟರ್ ಈಜಲು ಸುಮಾರು 40 ಬಾರಿ ಕೈ ಬೀಸುತ್ತದೆ ಎಂದುಕೊಂಡರೆ, 4 ಕಿಲೋಮೀಟರಿನ ಒಂದು ಸೆಷನ್ನಿನಲ್ಲಿ 3,200 ಬೀಸು. ಒಂದೊಂದು ಭುಜಕ್ಕೆ 1,600. ವಾರಕ್ಕೆ 8 ಸೆಷನ್ ಎಂದರೆ ಒಂದು ಭುಜಕ್ಕೆ 12,800. ಈಜುಗಾರರ ಭುಜನೋವು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ, ಮತ್ತು ಅದು ಬರುವ ದಾರಿಯೂ ಇದೇ: ದಣಿದ ಭುಜ, ಕೆಟ್ಟ ಸ್ಟ್ರೋಕ್, ಮತ್ತೆ ಅದರ ಮೇಲೆಯೇ ಹೆಚ್ಚುವ ಕಿಲೋಮೀಟರುಗಳು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಹೇಳುವ ಸರಳ ಅಳತೆ. ಮೇಲಿನ ಲೆಕ್ಕದ ಮಗು ನೀರಿನಲ್ಲೇ 16 ಗಂಟೆ ಕಳೆಯುತ್ತಿದೆ. ಹನ್ನೊಂದರ ಮಗುವಿಗೆ ಅದು ಐದು ಗಂಟೆ ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ ಒಂದೆರಡು ದಿನದ ಬಿಡುವು, ವರ್ಷದಲ್ಲಿ ಒಟ್ಟು ಮೂರು ತಿಂಗಳ ವಿರಾಮ, ಮತ್ತು ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡುವುದು ಸೇರಿದ್ದವು. ನಮ್ಮ ಎಷ್ಟು ಬ್ಯಾಚುಗಳು ಇದರ ಹತ್ತಿರ ಬರುತ್ತವೆ ಎಂದು ಪೋಷಕರೇ ನೋಡಿಕೊಳ್ಳಬಹುದು.

ಹತ್ತರ ವಯಸ್ಸಿನ ಪದಕಗಳನ್ನು ನಂಬಿ ದೊಡ್ಡ ನಿರ್ಧಾರ ಮಾಡುವುದು ಇದಕ್ಕಿಂತ ಅಪಾಯಕರ. ಆ ವಯಸ್ಸಿನಲ್ಲಿ ಬೇಗ ಬೆಳೆದ ಮಗು ಗೆಲ್ಲುತ್ತದೆ. ತೋಳು ಉದ್ದ, ಪಾದ ಅಗಲ, ತೂಕ ನಾಲ್ಕು ಕಿಲೋ ಹೆಚ್ಚು. ನೀರಿನಲ್ಲಿ ಅದಿಷ್ಟೇ ಎರಡು ಸೆಕೆಂಡಿನ ಅಂತರ ತರುತ್ತದೆ. ಉಳಿದವರ ಮೈ ಹದಿನಾಲ್ಕಕ್ಕೋ ಹದಿನಾರಕ್ಕೋ ಅದನ್ನು ಹಿಡಿದಾಗ ಪಟ್ಟಿ ತಲೆಕೆಳಗಾಗುತ್ತದೆ. ಹತ್ತರಲ್ಲಿ ಅಗ್ರಪಟ್ಟಿಯಲ್ಲಿದ್ದವರಲ್ಲಿ ಬಹುಪಾಲು ಮಕ್ಕಳು ಹದಿನೇಳು ಹದಿನೆಂಟರ ಅಗ್ರಪಟ್ಟಿಯಲ್ಲಿ ಇರುವುದಿಲ್ಲವೆಂದು ಅಮೆರಿಕದ ದಾಖಲೆಗಳ ಪರಿಶೀಲನೆಯೂ ತೋರಿಸಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತಿರುವಿದೆ. ಹನ್ನೆರಡರಿಂದ ಹದಿನೈದರ ನಡುವೆ ಮೈ ಬದಲಾಗುವಾಗ ಟೈಮಿಂಗ್ ಒಂದೂವರೆ ಎರಡು ವರ್ಷ ಅಲ್ಲಾಡದೆ ನಿಲ್ಲಬಹುದು. ನನ್ನ ಮಗಳ 100 ಮೀಟರ್ ಫ್ರೀಸ್ಟೈಲ್ ಹದಿನಾಲ್ಕು ತಿಂಗಳು ಒಂದೇ ಕಡೆ ನಿಂತಿತ್ತು, ಮತ್ತು ಆ ಹದಿನಾಲ್ಕು ತಿಂಗಳು ಅವಳು ಎಲ್ಲರಿಗಿಂತ ಹೆಚ್ಚು ದುಡಿದಳು. ಆಗ ಅವಳ ಊಟದ ಬಗ್ಗೆ, ತೂಕದ ಬಗ್ಗೆ ಕೊಳದ ದಂಡೆಯಲ್ಲಿ ಯಾರೋ ಆಡಿದ ಒಂದು ಮಾತು ಎಷ್ಟು ಆಳಕ್ಕೆ ಇಳಿದಿತ್ತೆಂದು ನಮಗೆ ತಿಳಿದದ್ದು ಎರಡು ವರ್ಷದ ಮೇಲೆ. ಋತುಚಕ್ರದ ಬಗ್ಗೆ ಸಂಕೋಚವಿಲ್ಲದೆ ಮಾತಾಡಬಲ್ಲ ಮಹಿಳಾ ಕೋಚ್ ದಂಡೆಯ ಮೇಲಿದ್ದಾರೆಯೇ ಎಂಬುದು, ಹೆಣ್ಣುಮಕ್ಕಳನ್ನು ಸೇರಿಸುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ.

ಒಂಬತ್ತನೇ ತರಗತಿಯ ಹೊತ್ತಿಗೆ ಶಾಲೆ ಎದುರು ನಿಲ್ಲುತ್ತದೆ. ಹತ್ತರ ಬೋರ್ಡ್ ಪರೀಕ್ಷೆ, ಅದರ ಹಿಂದೆಯೇ ಪಿಯುಸಿ, ಸಿಇಟಿ, ನೀಟ್ ತರಬೇತಿ. 15ರಿಂದ 17ರ ಗುಂಪಿನಲ್ಲಿ, ಅಂದರೆ ಈಜು ನಿಜವಾಗಿ ಗಂಭೀರವಾಗುವ ವಯಸ್ಸಿನಲ್ಲಿ, ಲೇನುಗಳು ಖಾಲಿಯಾಗತೊಡಗುತ್ತವೆ. ಎಂಟರಿಂದ ಹದಿನಾಲ್ಕರವರೆಗೆ ಅತಿಯಾಗಿ ಈಜಿಸಿ, ಬೇಕಾದ ವಯಸ್ಸಿಗೆ ಬಿಡಿಸುವುದು ನಮ್ಮ ವ್ಯವಸ್ಥೆಯ ದೊಡ್ಡ ನಷ್ಟ ಎಂದು ನಾನು ತಿಳಿದಿದ್ದೇನೆ. ಮೊದಲ ವರ್ಷಗಳಲ್ಲಿ ಹೊರೆ ಕಡಿಮೆಯಿದ್ದಿದ್ದರೆ ಆಸೆ ಇನ್ನೂ ಉಳಿದಿರುವ ಮಕ್ಕಳು ಹದಿನೈದಕ್ಕೆ ಸಿಗುತ್ತಿದ್ದರು.

ಪ್ರತಿಫಲದ ಮಾತು ಹೇಗೂ ಬರುತ್ತದೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. ಸೀಟುಗಳು ಕೆಲವೇ, ಎಲ್ಲ ಆಟಗಳ ಪ್ರತಿಭೆಗಳೂ ಅದಕ್ಕೇ ಪೈಪೋಟಿ ನಡೆಸುತ್ತವೆ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಭತ್ಯೆ ಸಿಗುತ್ತದೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು ಉತ್ತಮ ಈಜುಪಟುಗಳಿಗೆ ಕೆಲಸ ಕೊಡುತ್ತವೆ. ಒಲಿಂಪಿಕ್ಸಿಗೆ ನೇರ ಅರ್ಹತೆ ಗಳಿಸಿದ ಮೊದಲ ಭಾರತೀಯ ಈಜುಪಟು ಸಾಜನ್ ಪ್ರಕಾಶ್ ಕೇರಳ ಪೊಲೀಸರಲ್ಲಿದ್ದಾರೆ. ಇವೆಲ್ಲ ನಿಜವಾದ ಬಾಗಿಲುಗಳೇ, ಆದರೆ ಎಂಟು ವರ್ಷದ ಮಗುವಿನ ಪೋಷಕರು ಇವನ್ನು ಆದಾಯದ ಕಾಲಂನಲ್ಲಿ ಬರೆಯುವಂತಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ನಾವು ತಡವಾಗಿ, ಐದನೇ ವರ್ಷದಲ್ಲಿ, ಒಂದು ಪದ್ಧತಿ ಕಂಡುಕೊಂಡೆವು. ಪ್ರತಿ ಏಪ್ರಿಲ್‌ನಲ್ಲಿ ಕೂತು ಕೇಳಿಕೊಳ್ಳುತ್ತಿದ್ದೆವು: ಈಜು ಇವತ್ತೇ ನಿಂತುಹೋದರೆ, ಕಳೆದ ಒಂದು ವರ್ಷಕ್ಕೆ ನಾವು ಕೊಟ್ಟಷ್ಟಕ್ಕೆ ಈ ಮಗುವಿಗೆ ಸಿಕ್ಕಿದ್ದು ಸಾಕೇ? ಮುಂದಿನ ಪದಕ, ಮುಂದಿನ ಕೋಟಾ, ಇಷ್ಟು ವರ್ಷ ಹಾಕಿದ್ದೇವಲ್ಲ ಎಂಬ ಹಳೆಯ ಖರ್ಚು, ಯಾವುದೂ ಉತ್ತರದಲ್ಲಿ ಸೇರಬಾರದು. ಅವಳ ನಿದ್ದೆ, ಹಸಿವು, ಕೊಳದ ಗೆಳತಿಯರು, ಸೋತ ದಿನ ಮನೆಗೆ ಬಂದು ಅವಳಾಡುವ ಮಾತು, ತನ್ನದೇ ಹಳೆಯ ಟೈಮಿಂಗ್ ಮುರಿದಾಗಿನ ಮುಖ, ಇವು ಸೇರಬೇಕು. ಉತ್ತರ ಹೌದು ಎಂದಾದರೆ ಇನ್ನೊಂದು ವರ್ಷ. ಹದಿಮೂರನೆಯ ವಯಸ್ಸಿನಿಂದ ಉತ್ತರ ಹೇಳುವ ಹಕ್ಕನ್ನು ಮೊದಲು ಅವಳಿಗೇ ಕೊಟ್ಟೆವು. ಎರಡು ಬಾರಿ ಹೌದು ಎಂದಳು, ಮೂರನೆಯ ಏಪ್ರಿಲ್‌ನಲ್ಲಿ "ಸಾಕಮ್ಮ" ಎಂದಳು.

ವರ್ಷ ವರ್ಷಕ್ಕೆ ನಿರ್ಧರಿಸಬೇಕಾದರೆ ಹಣವನ್ನೂ ಹಾಗೆಯೇ ಕಟ್ಟಬೇಕಾಗುತ್ತದೆ. ಮೂರನೇ ವರ್ಷದಲ್ಲಿ ರಿಯಾಯಿತಿಯ ಆಸೆಗೆ ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಿದೆವು. ಜುಲೈನಲ್ಲಿ ಅವಳ ಕೋಚ್ ಬೇರೆಡೆಗೆ ಹೋದರು, ಲೇನೊಂದರಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ತುಂಬಿದರು, ಕೇಳಿದಾಗ ಉಳಿದ ಹಣ ಮರಳಿಸುವ ನಿಯಮವಿಲ್ಲ ಎಂದರು. ಆ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಎಂದೂ ಮುಂಗಡ ಕೊಟ್ಟಿಲ್ಲ. ಸೇರಿಸುವ ಮುನ್ನ ಒಂದು ವಾರದ ದಿನ, ಹೇಳದೆ ಹೋಗಿ, ಗ್ಯಾಲರಿಯಲ್ಲಿ ಒಂದು ಗಂಟೆ ಕೂತು ನೋಡಿದರೆ ಬಹಳ ತಿಳಿಯುತ್ತದೆ: ಲೇನಿಗೆ ಎಷ್ಟು ಮಕ್ಕಳು, ಕೋಚ್ ನೀರನ್ನು ನೋಡುತ್ತಿದ್ದಾರೋ ಫೋನನ್ನೋ, ಜೀವರಕ್ಷಕರು ಬೇರೆ ಇದ್ದಾರೋ, ನಿಧಾನದ ಮಗುವಿನ ಹೆಸರನ್ನು ಯಾರಾದರೂ ಕರೆಯುತ್ತಾರೋ. ಪೋಷಕರು ಕೂತು ನೋಡುವುದನ್ನೇ ಒಪ್ಪದ ಕಡೆ ನಾನಂತೂ ಮಗುವನ್ನು ಬಿಡುವುದಿಲ್ಲ.

ಒಂದು ಕೊರತೆ ಮಾತ್ರ ಪೋಷಕರ ಕೈಯಲ್ಲಿ ಸರಿಹೋಗುವಂಥದ್ದಲ್ಲ. ನಮ್ಮಲ್ಲಿ 21 ದಿನದ ಕಲಿಕೆಯ ಶಿಬಿರವಿದೆ, ಅದನ್ನು ಬಿಟ್ಟರೆ ವಾರಕ್ಕೆ ಆರು ದಿನದ ಸ್ಪರ್ಧಾತ್ಮಕ ಬ್ಯಾಚ್ ಇದೆ. ನಡುವೆ ಬಹುತೇಕ ಏನೂ ಇಲ್ಲ. ವಾರಕ್ಕೆ ಮೂರು ದಿನ, ನಾಲ್ಕೂ ಸ್ಟ್ರೋಕ್ ಚೆನ್ನಾಗಿ ಕಲಿತು, ವರ್ಷಕ್ಕೆ ಎರಡು ಸಣ್ಣ ಕೂಟಗಳಲ್ಲಿ ಈಜಿ, ಉಳಿದ ಸಂಜೆ ಕಬಡ್ಡಿಯನ್ನೋ ಸಂಗೀತವನ್ನೋ ಇಟ್ಟುಕೊಳ್ಳಬೇಕೆನ್ನುವ ಮಗುವಿಗೆ ಜಾಗವಿಲ್ಲ. ಅಂಥ ಮಕ್ಕಳೇ ಹೆಚ್ಚು. ಊರಿನ ಪಾಲಿಕೆಯ ಕೊಳಗಳಲ್ಲಿ, ವಿಶ್ವವಿದ್ಯಾಲಯದ ಕೊಳಗಳಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಲೇನುಗಳು ಖಾಲಿ ಇರುತ್ತವೆ; ಒಬ್ಬ ಕೋಚ್ ಮತ್ತು ಒಬ್ಬ ಜೀವರಕ್ಷಕರ ಸಂಬಳಕ್ಕೆ ಇಂಥ ಬ್ಯಾಚ್ ನಡೆಸಬಹುದು. ರಾಜ್ಯದ ಈಜು ಸಂಸ್ಥೆ ಮತ್ತು ಕ್ರೀಡಾ ಇಲಾಖೆ ಇದನ್ನು ಒಂದೆರಡು ಕೊಳಗಳಲ್ಲಾದರೂ ಮಾಡಿ ನೋಡಬೇಕು. ಸ್ಪರ್ಧೆ ಬಿಟ್ಟ ಮೇಲೆ ನನ್ನ ಮಗಳು ಎಂಟು ತಿಂಗಳು ನೀರಿನ ಕಡೆ ಹೋಗಲಿಲ್ಲ. ಈಗ ಮಂಗಳವಾರ ಮತ್ತು ಶನಿವಾರ ಸಾರ್ವಜನಿಕ ಬ್ಯಾಚಿನಲ್ಲಿ ಗಡಿಯಾರ ನೋಡದೆ ಈಜುತ್ತಾಳೆ, ತಮ್ಮನಿಗೆ ಬ್ಯಾಕ್‌ಸ್ಟ್ರೋಕ್ ಹೇಳಿಕೊಡುತ್ತಿದ್ದಾಳೆ.